ಪರೀಕ್ಷೆಗೆ ಕೂತ ನನ್ನ ಭುಜ

ಹೋದ ವಾರ ಅಂಚೆಯಲ್ಲಿ ಒಂದು ದಪ್ಪ ಲಕೋಟೆ ಬಂತು. ಒಡೆದ ಕೂಡಲೇ ಮೂಗಿಗೆ ಬಡಿದದ್ದು ಆಗಷ್ಟೇ ಅಚ್ಚಾದ ಕಾಗದದ ವಾಸನೆ. ಮೂವತ್ತೊಂದು ವರ್ಷ ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಈ ವಾಸನೆ ಬಂದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ, ಹುಬ್ಬು ತಾನಾಗಿ ಗಂಟಿಕ್ಕುತ್ತದೆ. ಪ್ರಶ್ನೆಪತ್ರಿಕೆಯ ಕಟ್ಟು ಬಿಚ್ಚುವಾಗ ಬರುತ್ತಿದ್ದದ್ದು ಇದೇ ವಾಸನೆ. ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದ ನಮ್ಮ ಯಜಮಾನರು, "ಯಾಕೆ, ಯಾರಾದ್ರೂ ಕಾಪಿ ಹೊಡೀತಿದಾರಾ?" ಎಂದು ಕೇಳಿದರು. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಅವರಿಗೆ ನನ್ನ ಆ ಮುಖ ಮರೆತಿಲ್ಲ.

ಬಂದದ್ದು ಪ್ರಶ್ನೆಪತ್ರಿಕೆಯಲ್ಲ, ಶಿವಮೊಗ್ಗದ ಪುನರ್ವಸತಿ ವಿಜ್ಞಾನ ಕಾಲೇಜಿನ ವಾರ್ಷಿಕ ಪುಸ್ತಿಕೆ. ಹೆಸರು ಉದ್ದವಾದ್ದರಿಂದ ಜನ ಅದನ್ನು ಫಿಸಿಯೋ ಕಾಲೇಜು ಅಂತಲೇ ಕರೆಯುತ್ತಾರೆ. ಬಿದ್ದವರನ್ನು ಎಬ್ಬಿಸಿ ನಡೆಸುವುದು, ಮಾತು ತೊದಲುವವರಿಗೆ ಮಾತು ಕಲಿಸುವುದು, ನಮ್ಮಂಥವರ ಜಂಗು ಹಿಡಿದ ಕೀಲುಗಳನ್ನು ಸಡಿಲಿಸುವುದು, ಎಲ್ಲ ವಿದ್ಯೆಯನ್ನೂ ಅಲ್ಲಿ ಹೇಳಿಕೊಡುತ್ತಾರೆ. ಮಧ್ಯದ ಎರಡು ಪುಟಗಳಲ್ಲಿ ದೊಡ್ಡ ಅಕ್ಷರದಲ್ಲಿ 'ನಮ್ಮ ವಿದ್ಯಾರ್ಥಿಗಳ ಹಾಗೂ ಬೋಧಕರ ಸಾಧನೆಗಳು' ಎಂದಿತ್ತು. ನಾನು ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗಿಳಿಸಿ ಓದಲು ಕೂತೆ.

ಸಾಧನೆಗಳು ಒಂದೆರಡಲ್ಲ ನೋಡಿ. ಅಂತಿಮ ವರ್ಷದ ನಾಲ್ವರು ಹುಡುಗಿಯರು ಸೇರಿ, ಅಡಿಕೆ ಸುಲಿಯುವ ಹೆಂಗಸರ ಮಣಿಕಟ್ಟಿಗೆಂದು ಬಟ್ಟೆ ಮತ್ತು ಬಿದಿರಿನ ಪಟ್ಟಿಯಿಂದ ಒಂದು ಆಸರೆ ಮಾಡಿದ್ದಾರೆ. ಮಾತಿನ ವಿಭಾಗದ ಒಬ್ಬ ಹುಡುಗ ರಸಪ್ರಶ್ನೆಯಲ್ಲಿ ಮೊದಲ ಬಹುಮಾನ ತಂದಿದ್ದಾನೆ. ಬೋಧಕರ ತಂಡವೊಂದು ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ ಮಾವುತರ ಸೊಂಟನೋವಿಗೆ ಶಿಬಿರ ನಡೆಸಿದೆ. ಆ ಫೋಟೋದಲ್ಲಿ ಮಾವುತರು ಸಾಲಾಗಿ ಮಲಗಿ ಕಾಲೆತ್ತಿದ್ದಾರೆ, ಹಿಂದೆ ಒಂದು ಆನೆ ಅವರಿಗಿಂತ ಗಂಭೀರವಾಗಿ ಆ ವ್ಯಾಯಾಮವನ್ನು ಗಮನಿಸುತ್ತಿದೆ. ಮುಂದಿನ ಸಲ ಅದಕ್ಕೂ ಒಂದು ಪ್ರಮಾಣಪತ್ರ ಕೊಡಬಹುದು ಅನ್ನಿಸಿತು.

ಪುಟದ ಕೆಳಗೆ ಒಂದು ಸಣ್ಣ ಫೋಟೋ ಇತ್ತು. 'ವಿದ್ಯಾರ್ಥಿಗಳೇ ಆರಿಸಿದ ಈ ವರ್ಷದ ಅತ್ಯುತ್ತಮ ಬೋಧಕಿ: ಭವ್ಯ, ಕುಂಸಿ' ಎಂದು ಬರೆದಿತ್ತು. ಮೈಕಿನ ಮುಂದೆ ಬಾಯಿ ತೆರೆದುಕೊಂಡು ನಿಂತಿದ್ದಾಳೆ. ನಾನು ಪುಸ್ತಿಕೆ ಮಡಚಿ ಯಜಮಾನರ ಮಡಿಲಿಗೆ ಎಸೆದು, "ನೋಡ್ರೀ, ಭವ್ಯ! ಬಾಯಿ ತೆಗೆದಿದಾಳೆ!" ಎಂದು ಕೂಗಿದೆ. ನಿಮಗೆ ಇದರಲ್ಲಿ ಕೂಗುವಂಥದ್ದೇನು ಅನ್ನಿಸಬಹುದು. ಅದಕ್ಕೆ ನನ್ನ ಬಲಭುಜದ ಕಥೆಯನ್ನೇ ಹೇಳಬೇಕು.

ನಿವೃತ್ತಿಯಾದ ಮಾರನೇ ವರ್ಷವೇ ನನ್ನ ಬಲಗೈ ಮೇಲೆ ಹೋಗುವುದನ್ನು ನಿಲ್ಲಿಸಿತು. ಬೋರ್ಡಿನ ತುದಿಯಿಂದ ತುದಿಗೆ ಬರೆದ ಕೈ, ಇನ್ನು ನನಗೆ ಕೆಲಸವಿಲ್ಲ ಎಂದು ತೀರ್ಮಾನಿಸಿತೋ ಏನೋ. ತಲೆ ಬಾಚಲು ಆಗದು, ಸೆರಗು ಹಿಂದೆ ಎಸೆಯಲು ಆಗದು. ಡಾಕ್ಟರು ನೋಡಿ 'ಫ್ರೋಜನ್ ಶೋಲ್ಡರ್' ಎಂದರು. ಕೀಲು ಹೆಪ್ಪುಗಟ್ಟಿದೆ, ವ್ಯಾಯಾಮವೇ ಮದ್ದು ಎಂದು ಫಿಸಿಯೋ ಕಾಲೇಜಿನ ಹೊರರೋಗಿ ವಿಭಾಗಕ್ಕೆ ಕಳಿಸಿದರು. ವಾರಕ್ಕೆ ಮೂರು ದಿನ ಭದ್ರಾವತಿಯಿಂದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗುವುದು ಶುರುವಾಯಿತು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲಾರದೆ ನಾನು ಪಟ್ಟ ಪಾಡು ಬೇರೆಯೇ ಒಂದು ಪ್ರಬಂಧ.

ಅಲ್ಲಿ ನನ್ನ ಕೈಗೆ ಗಂಟುಬಿದ್ದವಳು ಭವ್ಯ. ತೆಳ್ಳಗೆ, ಬಿಳಿ ಕೋಟು ಎರಡು ಸೈಜು ದೊಡ್ಡದು, ಕಣ್ಣು ಯಾವಾಗಲೂ ನೆಲದ ಮೇಲೆ. ಕುಂಸಿಯ ಹತ್ತಿರದವಳು, ಅಪ್ಪ ಅಮ್ಮ ಇಬ್ಬರೂ ಮೆಕ್ಕೆಜೋಳದ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದರು. ಕೊನೆಯ ವರ್ಷದ ಲಿಖಿತ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದು, ಪ್ರಾಯೋಗಿಕದಲ್ಲಿ ಫೇಲಾಗಿ, ಮರುಪರೀಕ್ಷೆಗೆ ಕಾಯುತ್ತಿದ್ದಳು. ಅಲ್ಲಿಯವರೆಗೆ ಅಭ್ಯಾಸ ತಪ್ಪದಿರಲಿ ಎಂದು ಮೇಷ್ಟರೊಬ್ಬರ ಕಣ್ಗಾವಲಿನಲ್ಲಿ ಅವಳಿಗೆ ನಮ್ಮಂಥ ರೋಗಿಗಳನ್ನು ವಹಿಸಿದ್ದರು.

ಅವಳ ಕೈ ಮಾತ್ರ ಏನು ಕೈ ಅಂತೀರಿ! ಕೀಲು ಎಲ್ಲಿ ಬಿಗಿದಿದೆ, ಎಲ್ಲಿ ನೋಯುತ್ತದೆ ಎಂಬುದು ನಾನು ಅಯ್ಯೋ ಅನ್ನುವ ಮೊದಲೇ ಅದಕ್ಕೆ ತಿಳಿಯುತ್ತಿತ್ತು. ಮೊದಲ ದಿನ ಅವಳು ಒಂದು ಸಾಧನ ತೆಗೆದು ನನ್ನ ತೋಳಿಗೆ ಹಿಡಿದಾಗ ನನಗೆ ಹಳೆಯ ಗೆಳತಿ ಸಿಕ್ಕಷ್ಟು ಖುಷಿಯಾಯಿತು. ಅದು ನಮ್ಮ ಕೋನಮಾಪಕವೇ, ಎರಡು ಉದ್ದ ಕಡ್ಡಿ ಬೆಳೆಸಿಕೊಂಡಿತ್ತು ಅಷ್ಟೆ. ಕೈ ಎಷ್ಟು ಡಿಗ್ರಿ ಮೇಲೇರುತ್ತದೆ ಎಂದು ಅದರಲ್ಲಿ ಅಳೆಯುತ್ತಾರೆ. ಕೈ ಕಿವಿಗೆ ತಾಗಿ ನೇರ ಮೇಲೆ ನಿಂತರೆ ನೂರಾ ಎಂಬತ್ತು. ನನ್ನದು ಎಪ್ಪತ್ತಕ್ಕೇ ನಿಂತಿತು. ಲಂಬಕೋನಕ್ಕೂ ಗತಿಯಿಲ್ಲದ ಲಘುಕೋನ! ಜೀವಮಾನವೆಲ್ಲ ಮಕ್ಕಳಿಗೆ ಕೋನ ಕಲಿಸಿದವಳಿಗೆ ಇದಕ್ಕಿಂತ ಅವಮಾನ ಬೇಕೇ?

ಅಂದಿನಿಂದ ನಾನು ಡಿಗ್ರಿಗಳ ಬೆನ್ನು ಹತ್ತಿದೆ. ಅವಳು ತೊಂಬತ್ತೈದು ಅಂದರೆ ನಾನು ನೂರು ಅನ್ನುತ್ತಿದ್ದೆ. "ಸರಿಯಾಗಿ ನೋಡೇ ಮಾರಾಯ್ತಿ, ಗೆರೆ ದಾಟಿದೆ. ನೂರು ಬರ್ಕೋ." ಅವಳು ಒಮ್ಮೆ ನನ್ನ ಮುಖ ನೋಡಿ, ತಲೆ ತಗ್ಗಿಸಿ, ನೂರು ಎಂದು ಬರೆದುಕೊಳ್ಳುತ್ತಿದ್ದಳು. ಅಂಕಕ್ಕಾಗಿ ನನ್ನ ಹತ್ತಿರ ಚೌಕಾಸಿಗೆ ಬಂದ ಮಕ್ಕಳನ್ನು ನಾನು ಹೇಗೆ ಗದರಿಸಿ ಓಡಿಸುತ್ತಿದ್ದೆ ಎಂಬುದು ಆಗ ನೆನಪಿಗೇ ಬರಲಿಲ್ಲ.

ನನ್ನ ಜೊತೆ ಅಲ್ಲಿಗೆ ಬರುತ್ತಿದ್ದವರು ಮುರುಗೇಶಣ್ಣ. ಭದ್ರಾವತಿಯವರೇ, ಮನೆಮಾತು ತಮಿಳು, ಕಾರ್ಖಾನೆಯಲ್ಲಿ ಎರಕದ ಕೆಲಸ ಮಾಡಿ ಮೊಣಕಾಲು ಸವೆಸಿಕೊಂಡವರು. ಫಿಸಿಯೋ ಕಾಲೇಜಿನ ಒಂದು ಸಂಪ್ರದಾಯವನ್ನು ನನಗೆ ತಿಳಿಸಿಕೊಟ್ಟವರು ಅವರೇ. ಪ್ರಾಯೋಗಿಕ ಪರೀಕ್ಷೆಗೆ ನಿಜವಾದ ರೋಗಿಗಳೇ ಬೇಕು. ಅವರನ್ನು 'ಕೇಸ್' ಅನ್ನುತ್ತಾರೆ. ಹುಡುಗರು ಚೀಟಿ ಎತ್ತಬೇಕು, ಬಂದ ಕೇಸನ್ನು ಪರೀಕ್ಷಿಸಬೇಕು, ಹೊರಗಿನಿಂದ ಬಂದ ಪರೀಕ್ಷಕರಿಗೆ ವಿವರಿಸಬೇಕು. ಪಳಗಿದ ಕೇಸುಗಳು ಪರೀಕ್ಷಕರು ಅತ್ತ ತಿರುಗಿದಾಗ ಮಕ್ಕಳಿಗೆ ತಮ್ಮ ಕಾಯಿಲೆಯ ಹೆಸರು, ಅದರ ಹಂತ, ಕೊಡಬೇಕಾದ ವ್ಯಾಯಾಮ ಎಲ್ಲವನ್ನೂ ಪಿಸುಗುಟ್ಟಿಬಿಡುವುದು ಅಲ್ಲಿನ ವಾಡಿಕೆ. "ನಾನು ನಾಲ್ಕು ವರ್ಷದಿಂದ ಫೈನಲ್ ಇಯರ್ ಓದ್ತಾ ಇದೀನಮ್ಮಾ," ಎನ್ನುತ್ತಿದ್ದರು ಮುರುಗೇಶಣ್ಣ. "ಎಷ್ಟು ಮಕ್ಳನ್ನ ಪಾಸ್ ಮಾಡ್ಸಿದೀನಿ ಗೊತ್ತಾ? ಪಾವಂ, ಭಯ ಬಿದ್ದು ನಡುಗ್ತಾವೆ. ನಾವು ಹೇಳ್ಬೇಕು. ಜೊತೆಗೆ ಬೆಳಗ್ಗೆ ಉಪ್ಪಿಟ್ಟು ಕೇಸರಿಬಾತು ಕೊಡ್ತಾರೆ."

ಕಾಪಿ ಹೊಡೆಯುವವರನ್ನು ಹಿಂದಿನಿಂದ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಹಿಡಿಯುವುದರಲ್ಲಿ ನಾನು ಹೆಸರುವಾಸಿ. ನನಗೆ ಮೈ ಉರಿಯಬೇಕಿತ್ತು. ಉರಿಯಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಭವ್ಯ ಯಾಕೆ ಫೇಲಾದಳು ಎಂಬುದು ನನಗೆ ತಿಳಿದಿತ್ತು.

ಒಂದು ದಿನ ನಾನೇ ಕೆದಕಿ ಕೇಳಿದ್ದೆ. ಅವಳು ನನ್ನ ತೋಳು ತೂಗುತ್ತ, ನೆಲ ನೋಡುತ್ತ ಹೇಳಿದಳು: "ಉತ್ತರ ಎಲ್ಲಾ ಗೊತ್ತಿತ್ತು ಮಿಸ್. ಪರೀಕ್ಷಕರು ಬೇಕಂತ್ಲೇ ತಪ್ಪು ಹೇಳಿ, ಹೌದಲ್ವಾ ಅಂದ್ರು. ಅಲ್ಲ ಅಂತ ಹೇಳ್ಬೇಕಿತ್ತು. ದೊಡ್ಡೋರಿಗೆ ಅಲ್ಲ ಅನ್ನೋಕೆ ನನಗೆ ಬಾಯೇ ಬರಲ್ಲ. ಹೌದು ಸರ್ ಅಂದೆ. ಆಮೇಲೆ ಕೇಳಿದ್ದಕ್ಕೆಲ್ಲ ಸುಮ್ನೆ ನಿಂತ್ಬಿಟ್ಟೆ."

"ಈ ಸಲವೂ ಆಗದಿದ್ರೆ?"

"ಅಮ್ಮ ಕುಂಸಿಲಿ ಮೆಡಿಕಲ್ ಶಾಪಲ್ಲಿ ಕೆಲಸ ಮಾತಾಡಿಟ್ಟಿದಾರೆ ಮಿಸ್. ಇದು ನಿನ್ನ ಕೈಲಾಗಲ್ಲ, ಬಂದ್ಬಿಡು ಅಂತಾರೆ. ಇನ್ನೊಂದ್ಸಲ ಕೂರಿಸಲ್ಲ."

ಆ ಕೈ ಮಾತ್ರೆಯ ಪಟ್ಟಿ ಕತ್ತರಿಸುತ್ತ ಕೂರುವುದನ್ನು ನೆನೆಸಿಕೊಂಡು ನನಗೆ ಸಂಕಟವಾಯಿತು. ಅದಕ್ಕಿಂತ ಹೆಚ್ಚಿನ ಸಂಕಟ ಇನ್ನೊಂದಿತ್ತು. ಎದುರು ಮಾತಾಡಬೇಡ, ಹೇಳಿದಷ್ಟು ಮಾಡು, ಬಾಯಿಮುಚ್ಚಿ ಕೂತುಕೋ. ಈ ಮೂರು ಮಾತನ್ನು ಮೂವತ್ತೊಂದು ವರ್ಷದಲ್ಲಿ ನಾನು ಎಷ್ಟು ಸಾವಿರ ಸಲ ಹೇಳಿದ್ದೇನೋ. ಇವಳಿಗೆ ಹೇಳಿದ್ದು ನಾನಲ್ಲ. ಆದರೆ ನನ್ನಂಥವಳೇ ಇನ್ನೊಬ್ಬಳು ಕುಂಸಿಯಲ್ಲಿ ಹೇಳಿರುತ್ತಾಳೆ.

ಹಾಗಾಗಿ ನಾನೂ ಕೇಸಾಗುತ್ತೇನೆ ಎಂದು ವಿಭಾಗದಲ್ಲಿ ಹೆಸರು ಕೊಟ್ಟೆ. ಪರೀಕ್ಷೆಯ ದಿನ ಬೆಳಗ್ಗೆ ನೀಲಿ ಅಂಚಿನ ರೇಷ್ಮೆ ಸೀರೆ ಉಟ್ಟು ಹೊರಟವಳನ್ನು ನೋಡಿ ಯಜಮಾನರು, "ಭುಜ ತೋರಿಸೋಕೆ ಹೋಗ್ತಿದೀಯೋ, ಬೀಗರ ಮನೆಗೋ?" ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಸ್ಸಿನಲ್ಲಿ ನನ್ನ ಕಾಯಿಲೆಯ ಲಕ್ಷಣಗಳನ್ನು ಬಾಯಿಪಾಠ ಮಾಡುತ್ತ ಹೋದೆ. ಉಪ್ಪಿಟ್ಟು ನಿಜವಾಗಿಯೂ ಚೆನ್ನಾಗಿತ್ತು.

ನಾಲ್ಕು ಮಂಚ, ನಾಲ್ಕು ಕೇಸು, ಮರುಪರೀಕ್ಷೆಯ ನಾಲ್ಕು ಮಕ್ಕಳು. ಚೀಟಿ ಎತ್ತಿದಾಗ ಭವ್ಯಳಿಗೆ ನಾನೇ ಬಂದೆ. ಪಕ್ಕದ ಮಂಚದಿಂದ ಮುರುಗೇಶಣ್ಣ ನನಗೆ ಹೆಬ್ಬೆರಳೆತ್ತಿ ತೋರಿಸಿದರು. ಅವರ ಪಾಲಿಗೆ ಬಂದ ವಿದ್ಯಾರ್ಥಿಗೆ ಅವರು ಎಷ್ಟು ಹುರುಪಿನಿಂದ ಹೇಳಿಕೊಡುತ್ತಿದ್ದರೆಂದರೆ, ಪರೀಕ್ಷಕರು ತಿರುಗಿ, "ಯಜಮಾನ್ರೇ, ನಿಮ್ಮನ್ನೇ ಪಾಸು ಮಾಡ್ಲಾ?" ಎಂದು ಕೇಳಬೇಕಾಯಿತು.

ಭವ್ಯ ನನ್ನನ್ನು ಪರೀಕ್ಷಿಸಿ ಎಲ್ಲ ಬರೆದುಕೊಂಡಳು. ಅಂದಿನ ಅಳತೆ ನೂರಾ ಹತ್ತು. ನಾನು ನೂರಾ ಇಪ್ಪತ್ತು ಎಂದು ಗೊಣಗಿದೆ, ಆ ಗಡಿಬಿಡಿಯಲ್ಲಿ ಅವಳಿಗೆ ಕೇಳಿಸಲಿಲ್ಲವೋ ಏನೋ, ನೂರಾ ಹತ್ತೇ ಬರೆದಳು. ಅಷ್ಟರಲ್ಲಿ ಪರೀಕ್ಷಕರು ನಮ್ಮ ಮಂಚದ ಬಳಿ ಬಂದರು. ನರೆತ ಕೂದಲಿನ, ಮೆಲುದನಿಯ ಮನುಷ್ಯ. ನನ್ನನ್ನು ನೋಡಿ, "ಕೈ ಎತ್ತಿ ಮೇಡಂ, ಎಷ್ಟಾಗುತ್ತೋ ಅಷ್ಟು," ಎಂದರು.

ಈಗ ನನ್ನ ಘನಕಾರ್ಯವನ್ನು ಕೇಳಿ. ಈ ಹುಡುಗಿ ನನ್ನನ್ನು ಎಷ್ಟು ಚೆನ್ನಾಗಿ ಗುಣಪಡಿಸಿದ್ದಾಳೆ ಎಂದು ತೋರಿಸಿಬಿಟ್ಟರೆ ಇವರು ಕಣ್ಣುಮುಚ್ಚಿ ಪಾಸು ಮಾಡುತ್ತಾರೆ ಎಂದು ನನ್ನ ಲೆಕ್ಕ. ಹಲ್ಲುಕಚ್ಚಿ ಕೈ ಎತ್ತಿದೆ. ನೂರಾ ಹತ್ತಕ್ಕೆ ಅದು ನಿಂತಿತು. ನಾನು ಬಿಡಲಿಲ್ಲ. ಸೊಂಟವನ್ನು ಎಡಕ್ಕೆ ವಾಲಿಸಿದೆ, ಭುಜವನ್ನು ಕಿವಿಯ ಕಡೆ ಏರಿಸಿದೆ, ಬೆನ್ನನ್ನು ಹಿಂದಕ್ಕೆ ಬಿಲ್ಲಾಗಿಸಿದೆ. ಕೈ ಆಕಾಶ ನೋಡತೊಡಗಿತು. ಮುಖದ ಮೇಲೆ ನಗು ತಂದುಕೊಂಡು, ಭವ್ಯಳಿಗಷ್ಟೇ ಕೇಳುವ ಹಾಗೆ, "ನೂರಾ ನಲವತ್ತು ಅನ್ನು," ಎಂದೆ.

"ಪರವಾಗಿಲ್ವೇ, ತುಂಬಾ ಚೆನ್ನಾಗಿ ಬರ್ತಿದೆ," ಎಂದರು ಪರೀಕ್ಷಕರು. ಅವಳ ಹಾಳೆಯನ್ನು ನೋಡಿ, "ನೀವು ನೂರಾ ಹತ್ತು ಬರ್ದಿದೀರ. ನೂರಾ ನಲವತ್ತಿದೆ, ಅಲ್ವಾ?"

ಭವ್ಯ ನೆಲ ನೋಡಿದಳು. ಹಿಂದಿನ ಪರೀಕ್ಷೆಯಲ್ಲಿ ನಡೆದದ್ದೇ ಮತ್ತೆ ನಡೆಯುತ್ತಿತ್ತು, ಮತ್ತು ಈ ಸಲ ಅದನ್ನು ನಡೆಸುತ್ತಿದ್ದವಳು ನಾನು. ಅವಳು ಹೌದು ಅಂದರೆ ಮುಗಿಯಿತು. ಅಲ್ಲ ಅನ್ನಬೇಕಾದರೆ ಪರೀಕ್ಷಕರಿಗೂ ಅನ್ನಬೇಕು, ನನಗೂ ಅನ್ನಬೇಕು. ಕೈ ಇಳಿಸಿಬಿಡಲೇ ಅನ್ನಿಸಿತು, ಆದರೆ ಇಳಿಸಿದರೆ ನನ್ನ ಮಾನ ಹೋಗುತ್ತದಲ್ಲ! ಹಾಗೇ ವಾಲಿಕೊಂಡು ನಿಂತೆ.

ಆಗ ಒಂದು ಅಂಗೈ ನನ್ನ ಸೊಂಟಕ್ಕೆ ಬಂತು, ಇನ್ನೊಂದು ಭುಜದ ಮೇಲೆ ಕೂತಿತು. ಎರಡೂ ಸೇರಿ ನನ್ನನ್ನು ಮೆಲ್ಲಗೆ ನೆಟ್ಟಗೆ ಮಾಡಿದವು. ಕೈ ತನ್ನ ನಿಜವಾದ ಜಾಗಕ್ಕೆ ಇಳಿದು ನಿಂತಿತು.

"ಮಿಸ್, ನೀವು ವಾಲ್ತಾ ಇದೀರ," ಎಂದಳು ಭವ್ಯ. ದನಿ ನಡುಗುತ್ತಿತ್ತು, ಆದರೆ ದೊಡ್ಡದಾಗಿತ್ತು. ಮುರುಗೇಶಣ್ಣ ಕೂಡ ಹೇಳಿಕೊಡುವುದನ್ನು ನಿಲ್ಲಿಸಿ ಇತ್ತ ತಿರುಗಿದರು. "ಅಲ್ಲ ಸರ್, ನೂರಾ ನಲವತ್ತಲ್ಲ. ಇದು ಟ್ರಿಕ್ ಮೂವ್‌ಮೆಂಟ್. ಮೈ ವಾಲಿಸಿ, ಭುಜ ಎತ್ತಿ, ಕೀಲಿನದ್ದಲ್ಲದ ಚಲನೆ ಸೇರಿಸ್ತಿದಾರೆ. ಕೀಲಿನದ್ದು ನೂರಾ ಹತ್ತು."

ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿದರು. "ರೋಗಿನೇ ನೂರಾ ನಲವತ್ತು ಅಂತ ಪಿಸುಗುಟ್ಟಿದ್ರು, ನನಗೂ ಕೇಳಿಸ್ತು. ಅವರು ಗಣಿತದ ಟೀಚರ್ ಅಂತ ನಿಮ್ಮ ಹಾಳೇಲೇ ಇದೆ. ಅವರ ಲೆಕ್ಕ ತಪ್ಪಾ?"

"ಲೆಕ್ಕ ಸರಿ ಇರಬಹುದು ಸರ್. ಭುಜ ಸರಿ ಇಲ್ಲ."

ಅವರು ನಕ್ಕರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಒಂದರ ಮೇಲೊಂದು ಪ್ರಶ್ನೆ ಕೇಳಿದರು. ಅವಳು ಒಂದಕ್ಕೂ ನೆಲ ನೋಡಲಿಲ್ಲ. ಎರಡು ಕಡೆ ಅವರು ಬೇಕೆಂದೇ ತಪ್ಪು ಹೇಳಿದರು, ಎರಡು ಕಡೆಯೂ ಅಲ್ಲ ಸರ್ ಎಂದಳು. ನಾನು ಮಾತ್ರ ಕಿವಿಯ ತನಕ ಕೆಂಪಾಗಿ, ರೇಷ್ಮೆ ಸೀರೆಯ ಸೆರಗಿನ ಅಂಚು ತಿರುವುತ್ತ ಕೂತಿದ್ದೆ. ಸಿಕ್ಕಿಬಿದ್ದ ಮಕ್ಕಳೆಲ್ಲ ನನ್ನೆದುರು ಹಾಗೇ ಕೂರುತ್ತಿದ್ದರು.

ಸುಳ್ಳು ಯಾಕೆ ಹೇಳಲಿ, ಆ ಸಂಜೆ ನನಗೆ ಅವಳ ಮೇಲೆ ಸಿಟ್ಟೂ ಬಂದಿತ್ತು. ಅವಳಿಗಾಗಿ ಅಷ್ಟು ನೋವು ತಿಂದು ಕೈ ಎತ್ತಿದರೆ ನಾಲ್ಕು ಜನರೆದುರು ಹಾಗೆನ್ನುವುದೇ? ಬಸ್ಸಿನಲ್ಲಿ ಪೂರ್ತಿ ದಾರಿ ಮುಖ ಊದಿಸಿಕೊಂಡು ಬಂದೆ. ಯಜಮಾನರಿಗೆ ಹೇಳಿದರೆ ಅವರು ಸಮಾಧಾನ ಮಾಡುವುದು ಬಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕೊನೆಗೂ ನಿನ್ನನ್ನ ಹಿಡಿಯೋರು ಒಬ್ರು ಸಿಕ್ಕಿದ್ರಲ್ಲ," ಎಂದರು. ನನಗೂ ನಗು ಬಂತು. ನಕ್ಕ ಮೇಲೆ ಸಿಟ್ಟು ಎಲ್ಲಿ ಹೋಯಿತೋ ಕಾಣಲಿಲ್ಲ.

ಫಲಿತಾಂಶ ಬಂದ ಮಾರನೇ ದಿನ ಭವ್ಯ ಒಂದು ಚೀಲ ಎಳೇ ಜೋಳದ ತೆನೆ ಹೊತ್ತು ನಮ್ಮ ಮನೆಗೆ ಬಂದಳು. ಪಾಸಾಗಿದ್ದಳು. ಬಾಗಿಲಲ್ಲೇ ನಿಂತು, "ನಿಮಗೆ ಎದುರು ಮಾತಾಡ್ಬಿಟ್ಟೆ ಮಿಸ್, ಬೇಜಾರು ಮಾಡ್ಕೋಬೇಡಿ," ಎಂದು ಅಳತೊಡಗಿದಳು. ನಾನು ಚೀಲ ಇಸಿದುಕೊಂಡೆ. "ಒಳಗೆ ಬಾರೇ, ತೆನೆ ಬೇಯಿಸ್ತೀನಿ," ಎಂದೆ. ಇಬ್ಬರೂ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಉಪ್ಪು ಹಚ್ಚಿದ ಜೋಳ ತಿಂದೆವು. ಬೇಜಾರಾಗಿಲ್ಲ, ಖುಷಿಯಾಗಿದೆ ಎಂದು ಅವತ್ತೇ ಬಾಯಿಬಿಟ್ಟು ಹೇಳಬೇಕಿತ್ತು. ಬಾಯಿ ಬಾರದ ಕಾಯಿಲೆ ಅವಳೊಬ್ಬಳಿಗೇ ಅಲ್ಲ ನೋಡಿ.

ಮುಂದೆ ಅವಳು ಇನ್ನೂ ಓದಿ ಅದೇ ಕಾಲೇಜಿನಲ್ಲಿ ಬೋಧಕಿಯಾದಳು. ಈಗ ಪುಸ್ತಿಕೆ ಬಂದ ಸಂಜೆಯೇ ಅವಳಿಗೆ ಫೋನ್ ಮಾಡಿದೆ. ತರಗತಿಯಲ್ಲಿ ಇವಳು ಬೇಕೆಂದೇ ತಪ್ಪು ಹೇಳುತ್ತಾಳಂತೆ, ಅದನ್ನು ಹಿಡಿದವರಿಗೆ ಚಪ್ಪಾಳೆಯಂತೆ. ಅತ್ಯುತ್ತಮ ಬೋಧಕಿಯಾದದ್ದು ಅದಕ್ಕೇ ಇರಬೇಕು. "ಆವತ್ತು ನೀನು ಹಾಗಂದದ್ದು ನನಗೆ ತುಂಬಾ ಖುಷಿ ಕಣೇ," ಎಂದು ಈ ಸಲ ಹೇಳಿಯೇಬಿಟ್ಟೆ. ಅವಳು, "ಹಾಗಾದ್ರೆ ಸೋಮವಾರ ಬನ್ನಿ ಮಿಸ್. ನಮ್ಮ ಮಕ್ಕಳಿಗೆ ಅಭ್ಯಾಸ ಪರೀಕ್ಷೆ ಇದೆ, ಕೇಸ್ ಬೇಕು," ಎಂದಳು.

"ನನಗೀಗ ಏನೂ ಇಲ್ವಲ್ಲೇ. ಪೂರ್ತಿ ವಾಸಿ."

"ಅದನ್ನ ಮಕ್ಕಳು ಅಳೆದು ಹೇಳ್ತಾರೆ ಬನ್ನಿ."

ಹೋದೆ. ಬಸ್ಸಿಳಿಯುವಾಗ ಸೋಗಾನೆಯ ಹೊಸ ವಿಮಾನ ನಿಲ್ದಾಣದ ಕಡೆಯಿಂದ ಒಂದು ವಿಮಾನ ತಲೆಯ ಮೇಲೇ ಹಾದು ಹೋಯಿತು, ಶಿವಮೊಗ್ಗ ಎಷ್ಟು ಬದಲಾಯಿತು ಅಂದುಕೊಂಡೆ. ಭವ್ಯಳ ಕೋಟು ಈಗ ಅವಳ ಅಳತೆಯದೇ. ನನ್ನನ್ನು ಮಂಚದ ಮೇಲೆ ಕೂರಿಸಿ, ಸುತ್ತ ನಿಂತ ಮಕ್ಕಳಿಗೆ, "ಇವರು ನಮ್ಮ ಮಿಸ್," ಎಂದಳು.

"ನಿಮಗೆ ಪಾಠ ಮಾಡಿದ್ರಾ ಮೇಡಂ?" ಎಂದು ಯಾರೋ ಕೇಳಿದರು.

"ಇಲ್ಲ. ಇವರ ತಪ್ಪು ಹಿಡಿದೇ ನಾನು ಪಾಸಾಗಿದ್ದು."

ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು. ಆಮೇಲೆ ಸಹನಾ ಎಂಬ ಹುಡುಗಿಯ ಸರದಿ ಬಂತು. ಕೋನಮಾಪಕ ಹಿಡಿದು, ನೆಲ ನೋಡುತ್ತ ಬಂದಳು. "ಕೈ ಎತ್ತಿ ಮಿಸ್," ಎಂದಳು, ದನಿಯೇ ಇಲ್ಲ. ಎತ್ತಿದೆ. ಕೈ ಸಲೀಸಾಗಿ ಏರುತ್ತ ಹೋಗಿ, ಕಿವಿಗೆ ತಾಗಲು ಇನ್ನೇನು ನಾಲ್ಕು ಬೆರಳು ಇದೆ ಎನ್ನುವಾಗ ನಿಂತುಬಿಟ್ಟಿತು. ಇಷ್ಟು ವರ್ಷದಿಂದ ಅದು ನಿಲ್ಲುವುದು ಅಲ್ಲೇ. ನಾನು ಊರೆಲ್ಲ ಪೂರ್ತಿ ವಾಸಿ ಎಂದು ಹೇಳಿಕೊಂಡು ತಿರುಗಿದ್ದೇನೆ.

"ಇನ್ನೂ ಸ್ವಲ್ಪ ಬರುತ್ತಾ ಮಿಸ್?" ಎಂದು ಸಹನಾ ಆಸೆಯಿಂದ ಕೇಳಿದಳು. ಸೊಂಟ ಆಗಲೇ ವಾಲಲು ತಯಾರಾಗಿತ್ತು. ಸ್ವಲ್ಪ ವಾಲಿದ್ದರೆ ಅವಳಿಗೂ ಸಂತೋಷ, ನನಗೂ ಮರ್ಯಾದೆ. ಭವ್ಯ ಕೈಕಟ್ಟಿ ಹಿಂದೆ ನಿಂತಿದ್ದಳು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ.

"ಇಲ್ಲ ಕಣಮ್ಮಾ," ಎಂದೆ. "ನನ್ನ ಕೈ ಬರೋದು ಇಷ್ಟೇ. ಇಷ್ಟೇ ಬರ್ಕೋ."